ಬಿಟ್ಟು ಹಿಡಿಯುವ ಬಲಗಳು

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಹೈಡ್ರೋಜನ್ ಬಂಧ, ವ್ಯಾನ್ ಡರ್ ವಾಲ್ಸ್ ಬಲ ಇವನ್ನೆಲ್ಲ ‘ದುರ್ಬಲ ಬಲಗಳು’ ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ವೈರಸ್‌ನ ಚಿಪ್ಪು, ಜೀವಕೋಶದ ಪೊರೆ ಇಂಥವೆಲ್ಲ ಈ ಬಲಗಳಿಂದಲೇ ತಮ್ಮಷ್ಟಕ್ಕೆ ಜೋಡಣೆಯಾಗುತ್ತವೆ ಎಂದು ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಅಷ್ಟು ವೀಕ್ ಆಗಿದ್ರೆ ಅವು ಕಟ್ಟೋದು ಹೇಗೆ ಸರ್? ಗಟ್ಟಿ ಬಂಧ ಇದ್ದಿದ್ರೆ ಇನ್ನೂ ಚೆನ್ನಾಗಿ ಕಟ್ಟಬಹುದಿತ್ತಲ್ವಾ?’ ಅವಳಿಗೆ ಸಮಾಧಾನ ಆಗುವಂಥ ಉತ್ತರ ಹೇಗೆ ಕೊಡಲಿ? ಕ್ಲಾಸಿನಲ್ಲಿ ಮಾಡಿ ತೋರಿಸುವಂಥದ್ದು ಏನಾದರೂ ಇದ್ದರೆ ಅದನ್ನೂ ತಿಳಿಸಿ.

ಉತ್ತರ: ಪ್ರಶ್ನೆಯ ಎರಡನೇ ಭಾಗದಿಂದ ಶುರು ಮಾಡುತ್ತೇನೆ. ಆ ಹುಡುಗಿ ಕೈಯಿಟ್ಟಿರುವುದು ಸರಿಯಾದ ಜಾಗಕ್ಕೇ.

ಗಟ್ಟಿ ಬಂಧ ಇದ್ದಿದ್ದರೆ ಬೇಗ ಅಂಟಿಕೊಳ್ಳುತ್ತಿತ್ತು, ನಿಜ. ಆದರೆ ತಪ್ಪು ಜಾಗದಲ್ಲಿ ಅಂಟಿಕೊಂಡದ್ದು ಅಲ್ಲೇ ಉಳಿದುಬಿಡುತ್ತಿತ್ತು. ಅಣುಗಳಿಗೆ ಕಣ್ಣಿಲ್ಲ, ನಕ್ಷೆ ಇಲ್ಲ, ಮೇಸ್ತ್ರಿಯೂ ಇಲ್ಲ. ಅವು ಸುಮ್ನೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಮೊದಲ ಡಿಕ್ಕಿಯಲ್ಲೇ ಸರಿಯಾದ ಜಾಗ, ಸರಿಯಾದ ಕೋನ ಸಿಗುವುದು ತೀರಾ ಅಪರೂಪ. ಹಾಗಾಗಿ ತಪ್ಪಿ ಕೂತದ್ದು ಎದ್ದು ಬರಬೇಕು, ಮತ್ತೆ ಬೇರೆ ಕಡೆ ಕೂತು ನೋಡಬೇಕು. ಹೀಗೆ ಎದ್ದು ಬರಲು ಬಿಡುವುದು ದುರ್ಬಲ ಬಲ ಮಾತ್ರ. ಅದು ದುರ್ಬಲವಾಗಿ‘ದ್ದರೂ’ ಕಟ್ಟುತ್ತದೆ ಅನ್ನುವುದಕ್ಕಿಂತ, ದುರ್ಬಲವಾಗಿರುವುದರಿಂದಲೇ ಕಟ್ಟುತ್ತದೆ ಎಂದು ಅವಳಿಗೆ ಹೇಳಿ.

ಆದರೆ ‘ದುರ್ಬಲ’ ಅಂದರೆ ಯಾವುದರ ಮುಂದೆ ದುರ್ಬಲ? ಪಾಠದಲ್ಲಿ ಇದನ್ನು ನಾವು ಹೇಳುವುದೇ ಇಲ್ಲ. ಅಳತೆಗೋಲು ಶಾಖ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಾಖದ ಕುಲುಕಾಟದ ಶಕ್ತಿ ಒಂದು ಮೋಲ್‌ಗೆ ಸುಮಾರು 2.5 ಕಿಲೋಜೂಲ್. ನಿಮ್ಮ ಸೂತ್ರಗಳಲ್ಲಿ ಬರುವ ‘ಆರ್‌ಟಿ’ ಅಂದರೆ ಇದೇ. ಗಟ್ಟಿ ಬಂಧ, ಅಂದರೆ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಆಗುವ ಕಾರ್ಬನ್-ಕಾರ್ಬನ್ ಕೋವೇಲೆಂಟ್ ಬಂಧ ಸುಮಾರು 350 ಕಿಲೋಜೂಲ್. ನೀರಿನಲ್ಲಿನ ಹೈಡ್ರೋಜನ್ ಬಂಧ 20ರ ಆಸುಪಾಸು. ವ್ಯಾನ್ ಡರ್ ವಾಲ್ಸ್ ಸೆಳೆತ ಒಂದೊಂದೇ ಪರಮಾಣು ಜೋಡಿಗೆ ಲೆಕ್ಕ ಹಾಕಿದರೆ ಇನ್ನೂ ಕಡಿಮೆ.

ಈ ಸಂಖ್ಯೆಗಳನ್ನು ಬೋಲ್ಟ್ಸ್‌ಮನ್ ಸೂತ್ರಕ್ಕೆ ಹಾಕಲು ವಿದ್ಯಾರ್ಥಿಗಳಿಗೇ ಹೇಳಿ. ಶಾಖದ ಒಂದು ಕುಲುಕಿಗೆ 350 ಕಿಲೋಜೂಲ್‌ನ ಬಂಧ ಮುರಿಯುವ ಸಾಧ್ಯತೆ ಎಷ್ಟು? ಒಂದರ ಮುಂದೆ 61 ಸೊನ್ನೆ ಹಾಕಿದರೆ ಬರುವ ಸಂಖ್ಯೆಯಲ್ಲಿ ಒಂದು ಸಲ. ಸೆಕೆಂಡಿಗೆ ಕೋಟಿ ಕೋಟಿ ಸಲ ಕುಲುಕಿದರೂ ವಿಶ್ವದ ವಯಸ್ಸು ಸಾಲುವುದಿಲ್ಲ. ಅದೇ 20 ಕಿಲೋಜೂಲ್ ಇದ್ದರೆ ಸುಮಾರು 3,000ಕ್ಕೆ ಒಂದು. 10 ಕಿಲೋಜೂಲ್ ಇದ್ದರೆ 50ಕ್ಕೆ ಒಂದು. ಲೋಟದ ನೀರಿನಲ್ಲಿ ಹೈಡ್ರೋಜನ್ ಬಂಧಗಳು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದಷ್ಟು ಹೊತ್ತಿನಲ್ಲೇ ಬಿಟ್ಟು ಬೇರೆಯವರನ್ನು ಹಿಡಿಯುತ್ತಿರುತ್ತವೆ. ಸ್ವಯಂಜೋಡಣೆಗೆ ಬೇಕಾದ ಬಲ ಇರುವುದು ಇಲ್ಲಿ: ಶಾಖದ ಕುಲುಕಾಟಕ್ಕಿಂತ ಸ್ವಲ್ಪ ಜಾಸ್ತಿ, ತೀರಾ ಜಾಸ್ತಿ ಅಲ್ಲ.

ಇದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದವರು ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಆರ್ಥರ್ ಓಲ್ಸನ್. ವೈರಸ್ ಚಿಪ್ಪಿನ ಐದು ಮೂಲೆಯ ತುಂಡುಗಳನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿ, ಅಂಚುಗಳಿಗೆ ಪುಟ್ಟ ಪುಟ್ಟ ಅಯಸ್ಕಾಂತ ಕೂರಿಸಿದರು. ಅಂಥ 12 ತುಂಡುಗಳನ್ನು ಒಂದು ಜಾರ್‌ಗೆ ಹಾಕಿ ಕುಲುಕಿದರೆ ನೋಡನೋಡುತ್ತಲೇ ದುಂಡನೆಯ ಪೂರ್ತಿ ಚಿಪ್ಪು ತಯಾರಾಗುತ್ತದೆ. ಜೋರಾಗಿ ಕುಲುಕಿದರೆ ಕೂಡಿಕೊಂಡದ್ದೂ ಚೆದುರುತ್ತದೆ. ತೀರಾ ಮೆತ್ತಗೆ ಕುಲುಕಿದರೆ ಅಡ್ಡಾದಿಡ್ಡಿಯಾಗಿ ಅಂಟಿದ್ದು ಬಿಡುವುದೇ ಇಲ್ಲ. ಈ ಜಾರ್‌ನ ವಿಡಿಯೋ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಕ್ಲಾಸಿನಲ್ಲಿ ಖಂಡಿತ ತೋರಿಸಿ. ಕೈಯ ಕುಲುಕಾಟದ ಜಾಗದಲ್ಲಿ ಶಾಖ, ಅಯಸ್ಕಾಂತದ ಜಾಗದಲ್ಲಿ ಪ್ರೋಟೀನಿನ ಅಂಟು ಎಂದುಕೊಂಡರೆ ನಿಜವಾದ ವೈರಸ್‌ನಲ್ಲೂ ನಡೆಯುವುದು ಹೆಚ್ಚುಕಡಿಮೆ ಇದೇ.

ನಿಜವಾದ ವೈರಸ್‌ನಲ್ಲಿ ಈ ಅಂಟು ಎಷ್ಟಿದೆ ಎಂದು ಅಳೆದೂ ನೋಡಿದ್ದಾರೆ. ನನಗೆ ತುಂಬ ಇಷ್ಟವಾದ ಉದಾಹರಣೆ ಇದು. ಹೆಪಟೈಟಿಸ್ ಬಿ ವೈರಸ್‌ನ ಒಳಚಿಪ್ಪಿನಲ್ಲಿ ಒಂದೇ ಬಗೆಯ ಪ್ರೋಟೀನಿನ 120 ಜೋಡಿಗಳಿರುತ್ತವೆ. ಪ್ರತಿಯೊಂದು ಜೋಡಿ ಅಕ್ಕಪಕ್ಕದ ನಾಲ್ಕು ಜೋಡಿಗಳನ್ನು ಮುಟ್ಟುತ್ತದೆ. ಅಂದರೆ ಒಂದು ಚಿಪ್ಪಿಗೆ ಒಟ್ಟು 240 ಸಂಪರ್ಕಗಳು. 2002ರಲ್ಲಿ ಪಾಬ್ಲೊ ಸೆರೆಸ್ ಮತ್ತು ಆಡಮ್ ಜ್ಲಾಟ್ನಿಕ್ ಒಂದೊಂದು ಸಂಪರ್ಕದ ಬಲವನ್ನು ಲೆಕ್ಕ ಹಾಕಿದರು. ಬಂದದ್ದು 3ರಿಂದ 4 ಕಿಲೋಕ್ಯಾಲರಿ. ನಮ್ಮ ಲೆಕ್ಕದಲ್ಲಿ ಸುಮಾರು 15 ಕಿಲೋಜೂಲ್, ಶಾಖದ ಕುಲುಕಾಟದ ಆರು ಪಟ್ಟು ಅಷ್ಟೇ. ಎರಡು ಜೋಡಿಗಳು ಕೂಡಿಕೊಂಡರೆ ಅವು ಮತ್ತೆ ಬೇರೆಯಾಗುವುದು ದೊಡ್ಡ ವಿಷಯವೇ ಅಲ್ಲ. ಆದರೆ 240 ಸಂಪರ್ಕಗಳೂ ಕೂಡಿಕೊಂಡು ಚಿಪ್ಪು ಮುಚ್ಚಿತು ಅನ್ನಿ, ಆಗ ಕಥೆಯೇ ಬೇರೆ. ಮುಚ್ಚಿದ ಚಿಪ್ಪಿನಿಂದ ಒಂದು ತುಂಡು ಹೊರಗೆ ಬರಬೇಕಾದರೆ ಅದರ ನಾಲ್ಕೂ ಸಂಪರ್ಕಗಳು ಒಟ್ಟಿಗೇ ಬಿಡಬೇಕು.

ಈ ‘ಒಟ್ಟಿಗೇ’ ಅನ್ನುವುದರಲ್ಲಿ ಎಷ್ಟು ಬಲ ಇದೆ ನೋಡಿ. 50ಕ್ಕೆ ಒಂದು ಸಲ ಬಿಡುವ ಬಂಧ ಒಂದೇ ಇದ್ದರೆ ಅದಕ್ಕೆ ಬೆಲೆಯೇ ಇಲ್ಲ. ಅಂಥವು 10 ಇದ್ದು, ಹತ್ತೂ ಒಂದೇ ಕ್ಷಣದಲ್ಲಿ ಬಿಡಬೇಕು ಅಂದರೆ? 50ನ್ನು ಹತ್ತು ಸಲ ಗುಣಿಸಬೇಕು. ಒಂದರ ಮುಂದೆ ಹತ್ತಿರಹತ್ತಿರ 17 ಸೊನ್ನೆ. ಅರ್ಧಂಬರ್ಧ ಅಥವಾ ಓರೆಕೋರೆಯಾಗಿ ಕೂತ ತುಂಡಿಗೆ ಒಂದೋ ಎರಡೋ ಸಂಪರ್ಕ ಸಿಗುತ್ತದೆ, ಅದು ಬೇಗ ಬಿಟ್ಟುಹೋಗುತ್ತದೆ. ಸರಿಯಾಗಿ ಕೂತದ್ದಕ್ಕೆ ಎಲ್ಲ ಕಡೆಯಿಂದಲೂ ಹಿಡಿತ ಸಿಗುತ್ತದೆ, ಅದು ಉಳಿಯುತ್ತದೆ. ಬಲ ಅದೇ. ತಪ್ಪನ್ನು ಬಿಡಿಸುವುದೂ ಅದೇ, ಸರಿಯನ್ನು ಉಳಿಸುವುದೂ ಅದೇ.

ಹಾಗಾದರೆ ಅಂಟನ್ನು ಜಾಸ್ತಿ ಮಾಡಿದರೆ ಏನಾಗುತ್ತದೆ? ನಿಮ್ಮ ವಿದ್ಯಾರ್ಥಿನಿ ಕೇಳಿದ್ದೂ ಇದನ್ನೇ ಅಲ್ವಾ. ಇದನ್ನೂ ಮಾಡಿ ನೋಡಿದ್ದಾರೆ. ಎಚ್‌ಎಪಿ ಎಂಬ ಗುಂಪಿನ ಔಷಧ ಅಣುಗಳು ಈ ಪ್ರೋಟೀನ್ ಜೋಡಿಗಳ ನಡುವಿನ ಸಣ್ಣ ಗೂಡಿನಲ್ಲಿ ಹೋಗಿ ಕೂರುತ್ತವೆ. ಕೂತು ಸಂಪರ್ಕವನ್ನು ಮುರಿಯುವುದಿಲ್ಲ, ಇನ್ನಷ್ಟು ಗಟ್ಟಿ ಮಾಡುತ್ತವೆ! ಆಗ ಪ್ರೋಟೀನುಗಳು ಅವಸರದಲ್ಲಿ, ತಪ್ಪು ಕೋನದಲ್ಲಿ ಅಂಟಿಕೊಳ್ಳುತ್ತವೆ. ಚಿಪ್ಪಿನ ಬದಲು ಹಾಳೆ, ಕೊಳವೆ ಹೀಗೆ ಕೆಲಸಕ್ಕೆ ಬಾರದ ಆಕಾರಗಳು ಬರುತ್ತವೆ. ವೈರಸ್ ಹಾಳಾಗುತ್ತದೆ. ಈ ದಾರಿಯ ಔಷಧಗಳು ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೂ ಬಂದಿವೆ. ವೈರಸ್‌ನ ಅಂಟನ್ನು ಹೆಚ್ಚಿಸಿ ವೈರಸ್‌ನ್ನು ಸೋಲಿಸುವುದು! ಅವಳ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗಂತೂ ಗೊತ್ತಿಲ್ಲ.

ಇದೇ ಮಾತನ್ನು ಇನ್ನೊಂದು ಕಡೆಯಿಂದ ತೋರಿಸುವುದು ಕ್ರಿಶ್ಚಿಯನ್ ಆನ್‌ಫಿನ್ಸನ್ ಅವರ ಪ್ರಯೋಗ. 1972ರ ನೊಬೆಲ್ ಅದಕ್ಕೇ ಬಂದದ್ದು. ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವದಲ್ಲಿ ಸಿಸ್ಟೀನ್ ಎಂಬ ಗಂಧಕವಿರುವ ಅಮೈನೊ ಆಮ್ಲಗಳು ಎಂಟಿವೆ. ಅವು ಎರಡೆರಡಾಗಿ ಸೇರಿ ನಾಲ್ಕು ಗಂಧಕ-ಗಂಧಕ ಬಂಧಗಳಾಗುತ್ತವೆ. ಇವು ಕೋವೇಲೆಂಟ್, ಗಟ್ಟಿ ಬಂಧಗಳು. ಎಂಟನ್ನು ಹೀಗೆ ಜೋಡಿ ಮಾಡಲು 105 ದಾರಿಗಳಿವೆ. ಕೆಲಸಕ್ಕೆ ಬರುವುದು ಒಂದೇ. ಪ್ರೋಟೀನನ್ನು ಯೂರಿಯಾದಲ್ಲಿ ಬಿಚ್ಚಿ, ಬಿಚ್ಚಿರುವಾಗಲೇ ಈ ಬಂಧಗಳು ಬೀಳುವ ಹಾಗೆ ಮಾಡಿದರೆ ಅವು ಸಿಕ್ಕಸಿಕ್ಕ ಕಡೆ ಬಿದ್ದವು. ಆಮೇಲೆ ಯೂರಿಯಾ ತೆಗೆದರೂ ಕಿಣ್ವ ಸರಿಹೋಗಲಿಲ್ಲ. ತಪ್ಪು ಬಂಧಗಳಲ್ಲಿ ಸಿಕ್ಕಿಕೊಂಡಿತ್ತು. ಆಗ ಅದಕ್ಕೆ ಮರ್ಕ್ಯಾಪ್ಟೊಎಥನಾಲ್ ಎಂಬ ವಸ್ತುವನ್ನು ಒಂಚೂರು ಸೇರಿಸಿದರು. ಅದು ಗಂಧಕದ ಬಂಧಗಳನ್ನು ಬಿಚ್ಚಿ, ಮತ್ತೆ ಬೀಳಲು ಬಿಡುತ್ತದೆ. ಕೆಲವು ಗಂಟೆಗಳಲ್ಲಿ ಕಿಣ್ವ ತನ್ನ ಸರಿಯಾದ ಆಕಾರಕ್ಕೆ ಬಂದು ಕೆಲಸ ಶುರು ಮಾಡಿತು. ದಾರಿ ತೋರಿಸಿದ್ದು ಪ್ರೋಟೀನಿನೊಳಗಿನ ದುರ್ಬಲ ಬಲಗಳೇ. ಗಟ್ಟಿ ಬಂಧವೂ ಬಿಟ್ಟು ಹಿಡಿಯುವುದನ್ನು ಕಲಿತ ಮೇಲೆ ಅವುಗಳ ಮಾತು ಕೇಳಿತು.

ಇನ್ನು ಮೊದಲ ಭಾಗ: ಇವು ಕಟ್ಟುವುದು ಹೇಗೆ, ಎಲ್ಲಿಂದ ಬರುತ್ತದೆ ಆ ಸೆಳೆತ? ಇಲ್ಲಿ ನೀರಿನ ಪಾತ್ರವನ್ನು ಬಿಟ್ಟರೆ ಏನೂ ಅರ್ಥವಾಗುವುದಿಲ್ಲ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ, ಅದಕ್ಕೇ ಅವು ಬೇರೆಯಾಗುತ್ತವೆ ಎಂದು ಹೇಳಿಬಿಡುತ್ತೇವೆ. ಅದು ಅರ್ಧ ಸತ್ಯವೂ ಅಲ್ಲ. ಎಣ್ಣೆಯ ಅಣುವಿಗೂ ನೀರಿನ ಅಣುವಿಗೂ ನಡುವೆ ಸೆಳೆತ ಇದೆ. ನೀರು-ನೀರಿನ ಸೆಳೆತ ಅದಕ್ಕಿಂತ ಎಷ್ಟೋ ಜಾಸ್ತಿ, ಅಷ್ಟೇ. ಎಣ್ಣೆಯಂಥ ಅಣುವೊಂದು ನೀರಿನೊಳಗೆ ಬಂದರೆ ಸುತ್ತಲಿನ ನೀರಿನ ಅಣುಗಳು ತಮ್ಮ ಹೈಡ್ರೋಜನ್ ಬಂಧಗಳನ್ನು ಉಳಿಸಿಕೊಳ್ಳಲು ಒಂದು ಕ್ರಮದಲ್ಲಿ ನಿಲ್ಲಬೇಕಾಗುತ್ತದೆ. ಬೇಕಾದ ಕಡೆ ತಿರುಗುವ ಅವುಗಳ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ಅಂದರೆ ಎಂಟ್ರೊಪಿ ಇಳಿಯುತ್ತದೆ. ಎಣ್ಣೆಯ ಅಣುಗಳು ಒಟ್ಟಿಗೆ ಸೇರಿದರೆ ನೀರಿಗೆ ತಾಗುವ ಮೈ ಕಡಿಮೆಯಾಗಿ, ಹೀಗೆ ಕಟ್ಟುಬಿದ್ದ ನೀರಿನ ಅಣುಗಳು ಬಿಡುಗಡೆಯಾಗುತ್ತವೆ. ಎಣ್ಣೆಯನ್ನು ಒಟ್ಟು ಸೇರಿಸುವುದು ಎಣ್ಣೆಗಿಂತ ಜಾಸ್ತಿ ನೀರೇ. ಜಲವಿಮುಖ ಪರಿಣಾಮ ಅಂದರೆ ಇದು. ಪ್ರೋಟೀನುಗಳಲ್ಲಿ ಇದು ಎಷ್ಟು ಮುಖ್ಯ ಎಂದು 1959ರಲ್ಲಿ ವಾಲ್ಟರ್ ಕಾಜ್‌ಮನ್ ಬಿಡಿಸಿ ಹೇಳಿದರು.

ಸೋಪು, ಶಾಂಪೂಗಳಲ್ಲಿ ಇರುವಂಥ ಸೋಡಿಯಂ ಡೊಡೆಸೈಲ್ ಸಲ್ಫೇಟ್‌ನ್ನು ತೆಗೆದುಕೊಳ್ಳಿ. 12 ಕಾರ್ಬನ್‌ನ ಎಣ್ಣೆ ಬಾಲ, ನೀರನ್ನು ಇಷ್ಟಪಡುವ ತಲೆ. ಲೀಟರ್ ನೀರಿಗೆ ಒಂದು ಗ್ರಾಂ ಹಾಕಿದರೆ ಅಣುಗಳು ಒಂಟೊಂಟಿಯಾಗಿ ಅಲೆಯುತ್ತವೆ. ಸುಮಾರು 2.3 ಗ್ರಾಂ, ಅಂದರೆ 8 ಮಿಲಿಮೋಲ್ ದಾಟಿತೋ, ಜಾಸ್ತಿ ಹಾಕಿದ್ದೆಲ್ಲ ಗುಂಪು ಕಟ್ಟಲು ಶುರು ಮಾಡುತ್ತದೆ. ಬಾಲ ಒಳಗೆ, ತಲೆ ಹೊರಗೆ, ಒಂದೊಂದು ಗುಂಪಿನಲ್ಲಿ ಸುಮಾರು 60 ಅಣುಗಳು. ಬಾಲಕ್ಕೆ ಇನ್ನೆರಡು ಕಾರ್ಬನ್ ಸೇರಿಸಿ 14 ಮಾಡಿದರೆ 2 ಮಿಲಿಮೋಲ್‌ಗೇ ಗುಂಪಾಗುತ್ತವೆ. ಪುಟ್ಟ ಪುಟ್ಟ ಸೆಳೆತಗಳು ಕೂಡಿಕೊಂಡು ಹೋಗುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಲೆಕ್ಕ ಇನ್ನೊಂದು ಸಿಗುವುದು ಕಷ್ಟ. ಈ ಗುಂಪುಗಳೇನೂ ಗಟ್ಟಿ ಗೋಲಿಗಳಲ್ಲ. ಮೈಕ್ರೋಸೆಕೆಂಡುಗಳಲ್ಲಿ ಒಂದು ಅಣು ಹೊರಗೆ ಹೋಗುತ್ತದೆ, ಇನ್ನೊಂದು ಒಳಗೆ ಬರುತ್ತದೆ. ಗುಂಪು ಮಾತ್ರ ಇದ್ದ ಹಾಗೇ ಇರುತ್ತದೆ. ಜೀವಕೋಶದ ಪೊರೆಯ ಲಿಪಿಡ್‌ಗಳಿಗೆ ಎರಡೆರಡು ಬಾಲ ಇರುವುದರಿಂದ ಅವು ದುಂಡಗೆ ಸುತ್ತಿಕೊಳ್ಳಲಾಗದೆ ಎರಡು ಪದರದ ಹಾಳೆಯಾಗುತ್ತವೆ. ಉಳಿದ ತತ್ವ ಅದೇ.

ಎಂಟ್ರೊಪಿಯ ಮಾತು ವಿದ್ಯಾರ್ಥಿಗಳಿಗೆ ನಂಬಿಕೆ ಬರುವುದು ಕಷ್ಟ. ‘ಕ್ರಮ ಬಂತು ಅಂದರೆ ಎಂಟ್ರೊಪಿ ಇಳಿಯಿತು ಅಲ್ವಾ?’ ಎಂದು ಕೇಳುತ್ತಾರೆ. ಆಗ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಕಥೆ ಹೇಳಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರಿಗೆ ಎಲೆಯ ಮೇಲೆ ತಿಳಿ ಹಸಿರು, ಕಡು ಹಸಿರು ಮಚ್ಚೆ ಮಚ್ಚೆಯಾಗುವ ಈ ರೋಗ ಹೊಸದಲ್ಲ. ವೈರಸ್ ನೋಡಲು 300 ನ್ಯಾನೊಮೀಟರ್ ಉದ್ದ, 18 ನ್ಯಾನೊಮೀಟರ್ ದಪ್ಪದ ಕಡ್ಡಿ. ಒಂದು ಆರ್‌ಎನ್‌ಎ ಎಳೆ, ಅದರ ಸುತ್ತ ಸುರುಳಿಯಾಗಿ ಒಂದೇ ಬಗೆಯ ಸುಮಾರು 2,130 ಪ್ರೋಟೀನುಗಳು. 1955ರಲ್ಲಿ ಬರ್ಕ್ಲಿಯಲ್ಲಿ ಹೈಂಜ್ ಫ್ರೆಂಕೆಲ್-ಕಾನ್ರಾಟ್ ಮತ್ತು ರಾಬ್ಲಿ ವಿಲಿಯಮ್ಸ್ ಪ್ರೋಟೀನನ್ನೂ ಆರ್‌ಎನ್‌ಎಯನ್ನೂ ಬೇರೆ ಮಾಡಿ, ಮತ್ತೆ ಒಟ್ಟಿಗೆ ಬೆರೆಸಿದರು. ಕಡ್ಡಿಗಳು ಮತ್ತೆ ಕಟ್ಟಿಕೊಂಡವು, ಎಲೆಗೆ ಹಚ್ಚಿದರೆ ರೋಗವೂ ಬಂತು.

ಎಂಟ್ರೊಪಿಯ ಸಾಕ್ಷಿ ಬಂದದ್ದು ಪಿಟ್ಸ್‌ಬರ್ಗ್‌ನ ಮ್ಯಾಕ್ಸ್ ಲಾಫರ್ ಅವರಿಂದ. ಈ ಪ್ರೋಟೀನನ್ನು ಮಾತ್ರ ನೀರಿನಲ್ಲಿಟ್ಟು ಬಿಸಿ ಮಾಡಿದರೆ ಅದು ಜೋಡಣೆಯಾಗುತ್ತದೆ. ತಣ್ಣಗೆ ಮಾಡಿದರೆ ಬಿಚ್ಚಿಕೊಳ್ಳುತ್ತದೆ. ನಾವು ಅಂದುಕೊಳ್ಳುವುದು ಇದರ ಉಲ್ಟಾ. ಸಾಮಾನ್ಯ ಅಂಟಾಗಿದ್ದರೆ ಬಿಸಿಗೆ ಬಿಡಬೇಕಿತ್ತು. ಜೋಡಣೆಯಾದಾಗ ಪ್ರೋಟೀನುಗಳು ಕ್ರಮಕ್ಕೆ ಬರುತ್ತವೆ, ನಿಜ. ಆದರೆ ಅವುಗಳ ಮೈಗೆ ಅಂಟಿದ್ದ ಅದೆಷ್ಟೋ ನೀರಿನ ಅಣುಗಳು ಆಚೆ ಬಂದು ಸ್ವತಂತ್ರವಾಗುತ್ತವೆ. ಒಟ್ಟು ಲೆಕ್ಕದಲ್ಲಿ ಎಂಟ್ರೊಪಿ ಏರುತ್ತದೆ. ಬಿಸಿ ಹೆಚ್ಚಾದಷ್ಟೂ ಎಂಟ್ರೊಪಿಗೆ ತೂಕ ಹೆಚ್ಚು. ನಿಮ್ಮ ‘ಡೆಲ್ಟಾ ಜಿ’ ಸೂತ್ರದಲ್ಲಿ ಎಂಟ್ರೊಪಿಯ ಜೊತೆ ‘ಟಿ’, ಅಂದರೆ ತಾಪಮಾನ, ಇರುವುದು ಸುಮ್ನೆ ಅಲ್ಲ. ನಮ್ಮ ಜೀವಕೋಶಗಳೊಳಗಿನ ಮೈಕ್ರೊಟ್ಯೂಬ್ಯೂಲ್ ಎಂಬ ನಳಿಕೆಗಳೂ ಹೀಗೆಯೇ ಚಳಿಗೆ ಬಿಚ್ಚಿಕೊಳ್ಳುತ್ತವೆ.

ಜೀವಜಗತ್ತಿನ ಉದಾಹರಣೆಗಳೇ ಆದವು, ಮೆಟೀರಿಯಲ್ಸ್ ಕಡೆಯದ್ದೂ ಒಂದು ಇರಲಿ. ಇದು ನಮ್ಮ ಬೆಂಗಳೂರಿನದ್ದೇ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬಿಲ್ಲೆಯ ಆಕಾರದ ಅಣುಗಳು ಒಂದರ ಮೇಲೊಂದು ಕೂತು ಕಂಬಗಳಾಗುವ ಹೊಸ ಬಗೆಯ ದ್ರವಹರಳನ್ನು ಕಂಡುಹಿಡಿದರು. ನಡುವೆ ಬೆಂಜೀನ್ ಉಂಗುರ, ಸುತ್ತ ಆರು ಎಣ್ಣೆ ಬಾಲ. ಅಲ್ಲಿಯವರೆಗೆ ದ್ರವಹರಳು ಅಂದರೆ ಕಡ್ಡಿಯಂಥ ಅಣುಗಳು ಎಂದೇ ಎಲ್ಲರೂ ತಿಳಿದಿದ್ದರು. ಕಂಬವನ್ನು ಹಿಡಿದಿಡುವುದು ಬಿಲ್ಲೆಗಳ ನಡುವಿನ ದುರ್ಬಲ ಸೆಳೆತ ಮಾತ್ರ. ಅದಕ್ಕೇ ಅದು ಕ್ರಮವಾಗಿಯೂ ಇರುತ್ತದೆ, ಹರಿಯಲೂ ಬಲ್ಲದು. ಇಂಥ ಬಿಲ್ಲೆ ಅಣುಗಳ ತೆಳು ಪದರವನ್ನು ಎಲ್‌ಸಿಡಿ ಪರದೆಗಳಲ್ಲಿ ಬಳಸಿದರು, ಓರೆಯಿಂದ ನೋಡಿದರೂ ಚಿತ್ರ ಚೆನ್ನಾಗಿ ಕಾಣಲಿ ಎಂದು. ಪಠ್ಯದಲ್ಲಿ ಇದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ.

ಹಾಗಂತ ಗಟ್ಟಿ ಬಂಧಕ್ಕೆ ಕೆಲಸವೇ ಇಲ್ಲ ಎಂದಲ್ಲ. ಅದರ ಸರದಿ ಆಮೇಲೆ. ಚರ್ಮ, ಮೂಳೆ, ಸ್ನಾಯುಬಂಧಗಳಲ್ಲಿರುವ ಕೊಲಾಜನ್ ನೋಡಿ. ಅದರಲ್ಲಿ ಮೂರು ಎಳೆಗಳು ಹೆಣೆದುಕೊಂಡಿರುತ್ತವೆ ಎಂದು 1954ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ತೋರಿಸಿದರು. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಎಳೆಗಳನ್ನು ಹಿಡಿಯುವುದು ಹೈಡ್ರೋಜನ್ ಬಂಧ. ಈ ಹೆಣಿಗೆಗಳು ಸಾಲಾಗಿ ಕೂತು ನಾರಾಗುವುದೂ ದುರ್ಬಲ ಬಲಗಳಿಂದಲೇ. ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಾದ ಮೇಲೆ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಬಂದು ಕೋವೇಲೆಂಟ್ ಬಂಧ ಬೀಳಲು ಅನುವು ಮಾಡಿಕೊಡುತ್ತದೆ. ಮೊದಲೇ ಆ ಬಂಧ ಬಿದ್ದಿದ್ದರೆ ಅಲ್ಲಿ ನಾರಿರುತ್ತಿರಲಿಲ್ಲ, ಗಂಟು ಇರುತ್ತಿತ್ತು.

ಕ್ಲಾಸಿಗೆ ಏನಾದರೂ ಬೇಕು ಎಂದಿರಿ. ಮೊಸರು ಮಾಡಿಸಿ. ಹಾಲಿನಲ್ಲಿ ಕೇಸೀನ್ ಪ್ರೋಟೀನಿನ ಉಂಡೆಗಳು ತೇಲುತ್ತಿರುತ್ತವೆ, ಒಂದೊಂದೂ ಸುಮಾರು 100ರಿಂದ 200 ನ್ಯಾನೊಮೀಟರ್. ಅವುಗಳ ಮೇಲೆ ಋಣ ವಿದ್ಯುದಂಶ ಹೊತ್ತ ಕೂದಲಿನಂಥ ಎಳೆಗಳಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಹಾಲಿನ ಪಿಎಚ್ 6.7ರ ಹತ್ತಿರ. ಹುಳಿಯಾಗುತ್ತಾ ಅದು 4.6ರ ಕಡೆಗೆ ಇಳಿದ ಹಾಗೆ ಆ ತಳ್ಳಾಟ ಕಡಿಮೆಯಾಗುತ್ತದೆ, ದುರ್ಬಲ ಸೆಳೆತಗಳಿಗೆ ಕೈಮೇಲಾಗುತ್ತದೆ.

ಕಾಯಿಸಿ, ಉಗುರುಬೆಚ್ಚಗೆ ಆರಿಸಿದ ಹಾಲನ್ನು ಎರಡು ಲೋಟಕ್ಕೆ ಹಾಕಿಸಿ. ಒಂದಕ್ಕೆ ಹೆಪ್ಪು ಹಾಕಿ ಬೆಚ್ಚಗೆ ಇಡಲಿ. ಇನ್ನೊಂದಕ್ಕೆ ನಿಂಬೆರಸ ಒಂದೇ ಸಲಕ್ಕೆ ಹಿಂಡಲಿ. ಎರಡರಲ್ಲೂ ಪ್ರೋಟೀನು ಅದೇ, ಕೊನೆಗೆ ಬರುವುದೂ ಹುಳಿಯೇ. ನಿಂಬೆಯದ್ದು ಆಗಲೇ ಒಡೆದು ಚೂರುಚೂರಾಗುತ್ತದೆ, ನೀರು ಬಿಟ್ಟುಕೊಳ್ಳುತ್ತದೆ. ಹೆಪ್ಪಿನದ್ದು ಗಂಟೆಗಟ್ಟಲೆ ನಿಧಾನಕ್ಕೆ ಹುಳಿಯಾಗುತ್ತದೆ. ಉಂಡೆಗಳಿಗೆ ಹಿಡಿದು, ಬಿಟ್ಟು, ಸರಿದು ಕೂರಲು ಸಮಯ ಸಿಗುತ್ತದೆ. ಆ ಬಲೆಯಲ್ಲಿ ನೀರು ಉಳಿದು ಮೊಸರು ಗಟ್ಟಿಯಾಗಿ ಕೂರುತ್ತದೆ. ಹರಳಿನಷ್ಟು ಕ್ರಮ ಇದರಲ್ಲಿ ಇಲ್ಲ. ಆದರೆ ಅವಸರಕ್ಕೂ ಸಾವಧಾನಕ್ಕೂ ಇರುವ ವ್ಯತ್ಯಾಸ ಲೋಟದಲ್ಲೇ ಕಾಣುತ್ತದೆ. ಪಿಎಚ್ ಪೇಪರ್ ಇದ್ದರೆ ಆಗಾಗ ಅದ್ದಿ ಬರೆದುಕೊಳ್ಳಲಿ. ಹೆಪ್ಪಿನ ಲೋಟ 5ರ ಆಸುಪಾಸು ಬರುವಾಗ ಗಟ್ಟಿಯಾಗಲು ಶುರುವಾಗುತ್ತದೆ.

ನಿಮ್ಮ ಲ್ಯಾಬಿನಲ್ಲಿ ಐಸ್ ಇದ್ದರೆ ಮೂರನೆಯದೊಂದು ಮಾಡಿಸಬಹುದು. ಕೆನೆ ತೆಗೆದ ಹಾಲನ್ನು ಐಸ್‌ನಲ್ಲಿಟ್ಟು 2 ಡಿಗ್ರಿ ಹತ್ತಿರಕ್ಕೆ ತಂದು, ತುಂಬ ತೆಳುವಾದ ಆ್ಯಸಿಡ್‌ನ್ನು ಹನಿಹನಿಯಾಗಿ ಕಲಕುತ್ತಾ ಪಿಎಚ್ 4.6ಕ್ಕೆ ಇಳಿಸಬೇಕು. ಹುಳಿ ಪೂರ್ತಿ ಬಂದಿದ್ದರೂ ಹಾಲು ಹೆಪ್ಪುಗಟ್ಟುವುದಿಲ್ಲ. ಆಮೇಲೆ ಅಲುಗಾಡಿಸದೆ ನಿಧಾನವಾಗಿ ಬೆಚ್ಚಗೆ ಮಾಡಿದರೆ ಗಟ್ಟಿಯಾಗುತ್ತದೆ. ಲಾಫರ್ ಅವರ ಪ್ರೋಟೀನ್ ಚಳಿಗೆ ಬಿಚ್ಚಿಕೊಂಡು ಬಿಸಿಗೆ ಕೂಡಿಕೊಂಡದ್ದು ಯಾವ ಕಾರಣಕ್ಕೋ, ಇಲ್ಲಿಯೂ ಮುಖ್ಯ ಕಾರಣ ಅದೇ ಜಲವಿಮುಖ ಪರಿಣಾಮ. ಕಾರಣ ಏನು ಎಂದು ಮೊದಲೇ ಹೇಳಬೇಡಿ, ಪ್ರಶ್ನೆ ಕೇಳಿದ ಹುಡುಗಿಯೇ ಊಹಿಸಲಿ. ಈ ಲೋಟದ್ದನ್ನು ಮಾತ್ರ ಯಾರೂ ಕುಡಿಯದ ಹಾಗೆ ನೋಡಿಕೊಳ್ಳಿ.